ಚಕ್ಕುಬಂದಿ

ಪ್ರಿಮಸ್ ಹೇಗುಡ್‌ನ ಕ್ರಯಪತ್ರ ಸಿಗಲಿಲ್ಲ.
ಕೌಂಟಿ ಕಚೇರಿಗೆ ಬೆಂಕಿ ಬಿದ್ದಾಗ ಮೂರು ಸಂಪುಟ ಹೋದವು,
ಅವನದು ಅದರಲ್ಲೇ ಇರಬೇಕು, ಎಂದಳು ಗುಮಾಸ್ತೆ,
ಕನ್ನಡಕ ಒರೆಸುತ್ತ. ಉಳಿದವು ಆ ಕಪಾಟಿನಲ್ಲಿವೆ.
ಐದಕ್ಕೆ ಬಾಗಿಲು ಹಾಕುತ್ತೇವೆ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು.
ಒಂದು ಮನೆ ಸಿಗದಿದ್ದರೆ
ಅಕ್ಕಪಕ್ಕದವರನ್ನು ಕೇಳಬೇಕು, ಅಷ್ಟು ಬಲ್ಲೆ.
ಮುತ್ತಜ್ಜನನ್ನು ಬಿಟ್ಟು ನೆರೆಯವರನ್ನು ಹಿಡಿದೆ:
ಲ್ಯಾಸಿಟರ್ ಮಾರಿದ್ದು, ವಿಧವೆ ಡ್ರೂಸಿಲಾ ಕೊಂಡದ್ದು,
ಗಿರಣಿಯ ಅಣ್ಣತಮ್ಮಂದಿರು ಪಾಲಾದದ್ದು.

'ಹೊಳೆದಂಡೆಯ ಸ್ವೀಟ್‌ಗಮ್ ಮರದಿಂದ ಹೊರಟು
ಉತ್ತರಕ್ಕೆ, ಕೊಂಚ ಪೂರ್ವಕ್ಕೆ ವಾಲಿ, ಎಪ್ಪತ್ತೆಂಟು ಕೋಲು,
ಪ್ರಿಮಸ್ ಹೇಗುಡ್‌ನ ಮೂಲೆಯವರೆಗೆ;
ಅಲ್ಲಿಂದ ಅವನ ಗೆರೆ ಹಿಡಿದು ಪ್ಲಮ್ ಪೊದೆಗೆ...'

ಅವನ ಗೆರೆ.
ಓದುತ್ತ ಓದುತ್ತ ಬೆರಳು ಅಲ್ಲೇ ನಿಂತುಬಿಟ್ಟಿತು.
ಚರ್ಚಿನ ರಸೀತಿಯಲ್ಲಿ ಎರಡು ಗೆರೆ ಅಡ್ಡಹಾಕಿ
ಇದೇ ನಾನು ಎಂದವನು.
ಬೆಂಕಿ ಮುಟ್ಟದ ಕಬ್ಬಿಣದ ಪೆಟ್ಟಿಗೆಯೊಳಗೆ
ಯಾರದೋ ಮರಣಾನಂತರದ ಆಸ್ತಿಪಟ್ಟಿಯಲ್ಲಿ
ಒಂದು ಹೇಸರಗತ್ತೆಗೂ ತಾಮ್ರದ ಹಂಡೆಗೂ ನಡುವೆ
'ಹುಡುಗ ಪ್ರಿಮಸ್, ಒಂಬತ್ತು ವರ್ಷ' ಎಂದಿದ್ದವನು,
ಈಗ ಬಿಳಿಯರ ಹೊಲಕ್ಕೆ ಎಲ್ಲೆ.

ಮುಂದಿನ ಸಂಪುಟಗಳಲ್ಲಿ ಹೆಸರು ಸವೆಯುತ್ತದೆ, ಸಾಬೂನಿನ ಹಾಗೆ.
ಹತ್ತು ವರ್ಷಕ್ಕೆ 'ಪ್ರಿಮಸ್‌ನ ಮೂಲೆ'.
ಇನ್ನಿಪ್ಪತ್ತಕ್ಕೆ 'ಹಳೆ ಮೂಲೆ'.
ಆಮೇಲೆ ಒಂದು ಕಬ್ಬಿಣದ ಗೂಟ, ಮರದ ಕಂಪನಿಯ ಸ್ವತ್ತು.
ನಡುವೆ ಮಾರಿದ್ದಕ್ಕೆ ಕಾಗದವಿಲ್ಲ. ಹುಡುಕಿದೆ. ಇಲ್ಲ.

ಅಣ್ಣನ ಮಗ ರೊಂಡೆಲ್ ಅಡುಗೆಮನೆಯ ಮೇಜಿನ ಮೇಲೆ
ಕೋನಮಾಪಕ ಇಟ್ಟು ಕೂತ.
'ಅತ್ತೆ, ಆಗಿನ ಉತ್ತರ ಈಗಿನ ಉತ್ತರವಲ್ಲ.
ಮುಳ್ಳು ಅಷ್ಟು ವರ್ಷದಲ್ಲಿ ಆರೇಳು ಡಿಗ್ರಿ ಸರಿದಿದೆ.'
ನನಗೆ ನಗು ಬಂತು.
ಕ್ಯಾರೊಲಿನಾದ ಈ ಮರಳುನೆಲದಿಂದ
ನಮ್ಮವರು ಎಷ್ಟು ಮಂದಿ ಉತ್ತರ ಹುಡುಕಿ ಹೋದರೋ,
ಅದೂ ಒಂದೆಡೆ ನಿಂತಿರಲಿಲ್ಲವೆ?

ಜೋಳದ ಅವಲಕ್ಕಿಯ ಡಬ್ಬಿ ಹರಿದು
ನೆರೆಯವರ ನಾಲ್ಕು ಹೊಲ ಕತ್ತರಿಸಿದೆವು,
ಅಂಚಿಗೆ ಅಂಚು ತಾಗಿಸಿದೆವು.
ಲ್ಯಾಸಿಟರ್ ಪಡುವಲಿಗೆ, ಡ್ರೂಸಿಲಾ ತೆಂಕಲಿಗೆ.
ನಡುವೆ ಮೇಜಿನ ಹಲಗೆ ಕಂಡಿತು,
ಒಂದು ಕಾಫಿ ಕಲೆ ಸಮೇತ.
ನಲವತ್ತೊಂದು ಎಕರೆ.
ಇಬ್ಬರೂ ಮಾತಾಡಲಿಲ್ಲ. ಫ್ರಿಜ್ಜು ಗುರ್ ಎನ್ನುತ್ತಿತ್ತು.

ಜೂನ್ ತಿಂಗಳ ಶನಿವಾರ ಹೋದೆವು.
ಬೇಟೆ ಕ್ಲಬ್ಬಿನ ಸರಪಳಿ ದಾಟಿ,
ಸಾಲುಸಾಲು ನೆಟ್ಟ ಪೈನ್, ಬಸ್ಸಿಗೆ ಕಾಯುವ ಮಕ್ಕಳಂತೆ
ಎಲ್ಲವೂ ಒಂದೇ ವಯಸ್ಸು.
ಸ್ವೀಟ್‌ಗಮ್ ಇಲ್ಲ. ಹೊಳೆಯೂ ಮಗ್ಗುಲು ಬದಲಿಸಿದೆ.
ಆದರೆ ಪೊದೆ ಇತ್ತು. ಮುಳ್ಳು, ಜೇನು, ಪುಟ್ಟ ಕೆಂಪು ಹಣ್ಣು.
ಬೇರಿನಿಂದ ಬೇರು ಚಿಗುರಿಸುತ್ತ
ಅದು ಗೆರೆ ದಾಟಿ ನಾಲ್ಕು ಕೋಲು ಲ್ಯಾಸಿಟರನ ಕಡೆ ನಡೆದುಬಿಟ್ಟಿದೆ,
ಯಾರನ್ನೂ ಕೇಳದೆ.

ತಿಂದೆವು. ಸಿಪ್ಪೆ ಹುಳಿ, ಒಳಗೆ ಪರವಾಗಿಲ್ಲ.

ರೊಂಡೆಲ್ ಫೋನು ನೋಡಿ ಹುಬ್ಬು ಗಂಟಿಕ್ಕಿದ:
'ಹೊರಟ ಜಾಗಕ್ಕೆ ಬಂದು ಕೂಡುತ್ತಿಲ್ಲ, ಅತ್ತೆ.
ಹನ್ನೊಂದು ಅಡಿ ಬಿಟ್ಟುಹೋಗಿದೆ.
ತಪ್ಪನ್ನು ಎಲ್ಲ ಗೆರೆಗೂ ಹಂಚಿದರೆ ಮುಚ್ಚಬಹುದು.'

ಬೇಡ, ಅಂದೆ.
ಒಂದು ರಾತ್ರಿ ದೀಪವಿಲ್ಲದೆ
ಹೇಸರಗತ್ತೆಯ ಗಾಡಿ ಕಟ್ಟಿ, ಹೆಂಡತಿ ಮಕ್ಕಳನ್ನು
ಹಾಸಿಗೆಯ ಕೆಳಗೆ ಮಲಗಿಸಿ ಹೊರಟನಂತೆ.
ಅಜ್ಜಿ ಅಷ್ಟು ಹೇಳಿ ಬಾಯಿ ಮುಚ್ಚುತ್ತಿದ್ದಳು.

ಗಾಡಿಯ ಅಗಲ ಎಷ್ಟಿದ್ದೀತು?
ಹನ್ನೊಂದು ಅಡಿ ಇರಲಿ ಬಿಡು.